ಚಿತ್ರದ ಮೂಲೆಯಲ್ಲಿ ನಿಂತವನು

ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಸೂರ್ಯನಾರಾಯಣ ವಾಷಿಂಗ್ಟನ್ನಿನ ಒಂದು ಚಿತ್ರಶಾಲೆಯಲ್ಲಿ ಕಾವಲುಗಾರನಾಗಿದ್ದ. ಅವನಿದ್ದ ಹರ್ನ್‌ಡನ್ ಊರಿನ ಕನ್ನಡದವರೆಲ್ಲ ಕಂಪ್ಯೂಟರ್ ಕುಟ್ಟಿ ಟೌನ್‌ಹೌಸ್ ಕೊಂಡರೆ, ಈ ಪುಣ್ಯಾತ್ಮ ನೀಲಿ ಕೋಟು ತೊಟ್ಟು ಆರು ವರ್ಷ ಒಂದೇ ಕೋಣೆಯಲ್ಲಿ ನಿಂತ. ಅಲ್ಲಿದ್ದದ್ದು ಐನೂರು ವರ್ಷ ಹಳೆಯ ಇಟಲಿಯ ಚಿತ್ರ: ಮೇರಿ, ಅವಳ ತೊಡೆಯ ಮೇಲೆ ಶಿಶು ಯೇಸು, ಹಿಂದೆ ನೆರಳಿನಲ್ಲಿ ಮುದುಕ ಜೋಸೆಫ್. ಬಂದವರು ತಾಯಿಯನ್ನು ನೋಡುತ್ತಿದ್ದರು, ಮಗುವನ್ನು ನೋಡುತ್ತಿದ್ದರು, ಮುಂದೆ ಹೋಗುತ್ತಿದ್ದರು. ಜನ್ಮ ಕೊಟ್ಟವನಲ್ಲದಿದ್ದರೂ ಸಾಕಿದವನು ಜೋಸೆಫ್. ಅವನ ಮುಖಕ್ಕೂ ಒಂದಿಷ್ಟು ಬೆಳಕು ಕೊಡಲು ಆ ಚಿತ್ರಕಾರನಿಗೇನು ರೋಗ ಬಂದಿತ್ತು ಎಂದು ಸೂರ್ಯನಾರಾಯಣನಿಗೆ ದಿನವೂ ಸಿಟ್ಟು ಬರುತ್ತಿತ್ತು.

ಅವನೂ ಸಾಕಿದ ಅಪ್ಪನೇ. ಹೆಂಡತಿ ಶೀಲಾಳ ಮೊದಲ ಗಂಡ ಕಾರು ಅಪಘಾತದಲ್ಲಿ ತೀರಿಕೊಂಡಾಗ ಮಗ ಶ್ರೇಯಸ್‌ಗೆ ಎರಡು ವರ್ಷ. ಅವಳನ್ನು ಮದುವೆಯಾಗಿ ಬಂದ ಸೂರ್ಯನಾರಾಯಣನೇ ಆ ಮಗುವಿಗೆ ಉಣಿಸಿದ, ಸೈಕಲ್ ಕಲಿಸಿದ, ಜ್ವರ ಬಂದರೆ ಪಕ್ಕದಲ್ಲಿ ಕೂತ.

ತೊಂಬತ್ತಾರರ ಬೇಸಿಗೆಗೆ ಶ್ರೇಯಸ್‌ನ ಉಪನಯನ ಗೊತ್ತಾಯಿತು. ಬ್ರಹ್ಮೋಪದೇಶಕ್ಕೆ ಅಪ್ಪನ ಜಾಗದಲ್ಲಿ ತಾನು ಕೂರಬೇಕು, ಮಗನ ಕಿವಿಯಲ್ಲಿ ಗಾಯತ್ರಿಯನ್ನು ತಾನೇ ಹೇಳಬೇಕು ಎಂಬುದೊಂದೇ ಅವನ ಆಸೆ. ಎಂದೋ ಬಿಟ್ಟಿದ್ದ ಸಂಧ್ಯಾವಂದನೆಯನ್ನು ಮತ್ತೆ ಹಿಡಿದ.

ಉಪನಯನದ ದಿನ ಮೇರಿಲ್ಯಾಂಡಿನ ದೇವಸ್ಥಾನದಲ್ಲಿ ಪುರೋಹಿತರು, "ಸಾಕಿದೋರು ನೀವು, ನೀವೇ ಕೂತ್ಕೋಬಹುದು. ಇಲ್ಲಾಂದ್ರೆ ಹುಡುಗನ ಚಿಕ್ಕಪ್ಪ ಇದಾರಲ್ಲ," ಎಂದರು.

ತೀರಿಕೊಂಡವನ ತಮ್ಮ ಕೃಷ್ಣಪ್ರಸಾದ ಅಟ್ಲಾಂಟಾದಿಂದ ಬಂದು ಪಕ್ಕದಲ್ಲೇ ನಿಂತಿದ್ದ. ನಮ್ಮಲ್ಲಿ ಇನ್ನೊಂದು ಹೋಳಿಗೆ ಬಡಿಸಲು ಬಂದರೂ ಮೊದಲು ಬೇಡ ಅನ್ನಬೇಕು, ಎರಡು ಸಲ ಒತ್ತಾಯ ಮಾಡಿಸಿಕೊಂಡೇ ಒಪ್ಪಬೇಕು. ಸೂರ್ಯನಾರಾಯಣ ಅದೇ ರೂಢಿಯಲ್ಲಿ, "ಛೆ ಛೆ, ನಾನೆಲ್ಲಿ! ಅವರೇ ಕೂತ್ಕೊಳ್ಲಿ," ಎಂದು ಒತ್ತಾಯಕ್ಕೆ ಕಾದ.

"ಆರ್ ಯು ಶೂರ್? ಓಕೆ," ಎಂದ ಇಪ್ಪತ್ತು ವರ್ಷ ಅಮೆರಿಕದಲ್ಲಿದ್ದ ಕೃಷ್ಣಪ್ರಸಾದ, ಮಣೆಯ ಮೇಲೆ ಕೂತೇಬಿಟ್ಟ.

ಶೀಲಾ ಗಂಡನ ಮುಖ ನೋಡಿದಳು. ಬಡಪಾಯಿ ನಕ್ಕ. ಅವಳೂ ಮಗನ ಪಕ್ಕ ಕೂತಳು. ಮೂವರ ಮೇಲೆ ಶಾಲು ಹೊದಿಸಿ, ಅದು ಜಾರದಂತೆ ಹಿಡಿದುಕೊಳ್ಳಲು ಪುರೋಹಿತರು ಸೂರ್ಯನಾರಾಯಣನಿಗೇ ಹೇಳಿದರು. ಒಳಗೆ ಮಂತ್ರ ಪಿಸುಗುಡುವುದು ಕೇಳುತ್ತಿತ್ತು. ಚಿತ್ರಕಾರನ ಮೇಲಿದ್ದ ಸಿಟ್ಟೆಲ್ಲ ತನ್ನ ನಾಲಗೆಯ ಮೇಲೆ ತಿರುಗಿತು. ಅವನನ್ನು ಯಾರೂ ಹೊರಗೆ ನೂಕಿರಲಿಲ್ಲ. ಕಣ್ಣು ತುಂಬಿದರೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಶಾಲು ತೆಗೆದದ್ದೇ ಶ್ರೇಯಸ್ ಅವನ ಬಳಿ ಬಂದ.

"ಅಪ್ಪ, ನಂಗೆ ಮಂತ್ರ ಹೇಳೋಕೆ ನಿಂಗೆ ಇಷ್ಟ ಇಲ್ವಂತೆ. ಚಿಕ್ಕಪ್ಪ ಹೇಳಿದ್ರು. ಇಟ್ಸ್ ಓಕೆ."

"ಇಲ್ಲ ಕಣೋ, ಇಷ್ಟ ಇತ್ತು," ಎಂದ ಸೂರ್ಯನಾರಾಯಣ. ಅಷ್ಟರಲ್ಲಿ ಪುರೋಹಿತರು ಕರೆದಿದ್ದರು. ಹುಡುಗ ಭಿಕ್ಷೆಯ ತಟ್ಟೆ ಹಿಡಿದು ಅಮ್ಮನ ಕಡೆ ಹೊರಟಿದ್ದ.