ನಾನು ಹುಟ್ಟಿದ ದಿನವೇ ಹೆಸರು ಪಡೆದ ನಾಡು

ಉದಗೀರದಲ್ಲಿ ನಮ್ಮ ಮನೆಯ ಹಿಂಬದಿಗೆ ಒಂದು ಮರಾಠಿ ಶಾಲೆಯಿದೆ. ಬೆಳಿಗ್ಗೆ ನಾನು ಚಹಾಕ್ಕೆ ನೀರಿಡುವ ಹೊತ್ತಿಗೆ ಅಲ್ಲಿಯ ಧ್ವನಿವರ್ಧಕ ಕಿರ್ರೆಂದು ಒಮ್ಮೆ ಕಿರುಚಿ ಸುಮ್ಮನಾಗುತ್ತದೆ. ಆಮೇಲೆ ಪ್ರಾರ್ಥನೆ, ಪ್ರತಿಜ್ಞೆ. ಅದೆಲ್ಲ ಮುಗಿದ ಮೇಲೆ ಯಾವುದೋ ಮಗು ಉಸಿರು ಬಿಗಿಹಿಡಿದು "ಆಜಚಾ ದಿನವಿಶೇಷ" ಎಂದು ಶುರುಮಾಡುತ್ತದೆ. ಈ ದಿನ ಇಂಥ ಯುದ್ಧ ಮುಗಿಯಿತು, ಇಂಥ ವಿಜ್ಞಾನಿ ಹುಟ್ಟಿದ, ಇಂಥ ಸಂತರು ದೇಹ ಬಿಟ್ಟರು. ಒಂದಕ್ಕೊಂದು ಸಂಬಂಧವೇ ಇಲ್ಲದ ಸಂಗತಿಗಳು ಒಂದೇ ತಾರೀಖಿನ ಕೆಳಗೆ ಬಂದು ಸಂತೆಯ ಜನರಂತೆ ಒತ್ತೊತ್ತಾಗಿ ನಿಲ್ಲುತ್ತವೆ. ಆ ದನಿ ಕಿವಿಗೆ ಬಿದ್ದರೆ ನನ್ನ ಮೂಗಿಗೆ ಸೀಮೆಸುಣ್ಣದ ಪುಡಿಯ ವಾಸನೆ ಬರುತ್ತದೆ. ಹಸಿ ಸೆಗಣಿ ಸಾರಿಸಿದ ಅಂಗಳ, ಹೂ ಬಿಟ್ಟ ತೊಗರಿ ಹೊಲದ ಕಡೆಯಿಂದ ಬರುವ ತಣ್ಣನೆಯ ಗಾಳಿ, ನಮ್ಮ ಆಯಿ ಹುಗ್ಗಿಗೆಂದು ಕುಟ್ಟುತ್ತಿದ್ದ ಗೋದಿಯ ಸದ್ದು, ಎಲ್ಲ ಬರುತ್ತವೆ. ಕಳೆದುಕೊಂಡ ಮನೆಯೊಂದು ನಿಮಗೂ ಇದ್ದರೆ, ಅದು ಕರೆಯದೆ ಹೀಗೆ ಅಡುಗೆಮನೆಯವರೆಗೆ ಬಂದು ನಿಲ್ಲುವುದು ನಿಮಗೂ ಗೊತ್ತಿರುತ್ತದೆ.

ನಮ್ಮ ಊರು ಔರಾದ ಶಹಾಜನಿಯ ಹತ್ತಿರ. ಮನೆ ತುಂಬ ಜನ. ಯಜಮಾನ ಮುತ್ಯಾ, ಅಂದರೆ ನನ್ನ ಅಜ್ಜ. ಅವನ ಹೆಂಡತಿ ಆಯಿ. ಒಕ್ಕಲುತನ ನೋಡುತ್ತಿದ್ದ ನನ್ನ ಅಪ್ಪ, ಅವ್ವ. ಅಪ್ಪನ ತಮ್ಮ ಗುರುಪಾದ ಕಾಕಾ. ಕಾಕಾ ಊರಿನ ಕನ್ನಡ ಶಾಲೆಯ ಮಾಸ್ತರ. ಗಡಿಯ ಈಚೆ, ಮಹಾರಾಷ್ಟ್ರದೊಳಗೆ, ಏಳನೆಯ ಇಯತ್ತೆಯವರೆಗೆ, ಅಂದರೆ ಏಳನೆಯ ತರಗತಿಯವರೆಗೆ ಇದ್ದ ಎರಡು ಕೋಣೆಯ ಶಾಲೆ. ಅವನ ಹೆಂಡತಿ ಸುಮಿತ್ರಾ ಕಾಕು ನಿಲಂಗಾದ ಮರಾಠಿ ಮನೆತನದವಳು. ನಮ್ಮ ಮನೆಗೆ ಬಂದ ಮೇಲೆ ಕನ್ನಡ ಕಲಿತಳು, ಆದರೆ ಸಿಟ್ಟು ಬಂದಾಗ ಮಾತ್ರ ಮರಾಠಿಗೆ ಹೋಗುತ್ತಿದ್ದಳು.

ನಾನು ಹುಟ್ಟಿದ್ದು ನವೆಂಬರ್ ಒಂದರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಅದೇ ದಿನ. ಕಾಕಾ ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿದ್ದನಂತೆ. ಒಳಗಿನಿಂದ ಸೂಲಗಿತ್ತಿ ಬಂದು ಹೆಣ್ಣು ಎಂದಾಗ ಅವನು ಎದ್ದು ನಿಂತು ಭುವನೇಶ್ವರಿ ಎಂದು ಹೆಸರು ಕೂಗಿಬಿಟ್ಟನಂತೆ. ಅಷ್ಟುದ್ದದ ಹೆಸರು ಆಯಿಯ ಬಾಯಲ್ಲಿ ತಿರುಗದೆ ನಾನು ಬುವ್ವಿಯಾದೆ. ಶಾಲೆಯಲ್ಲಿ ಕಾಕಾ ದಿನವೂ ಪ್ರಾರ್ಥನೆಯ ನಂತರ ದಿನವಿಶೇಷವನ್ನು ಕನ್ನಡದಲ್ಲಿ ಓದಿಸುತ್ತಿದ್ದ. ನವೆಂಬರ್ ಒಂದು ಬಂದರೆ ನನ್ನಿಂದ ಓದಿಸಿ, ಆಮೇಲೆ ಅವನೇ ಹೇಳುವನು. "ಇವತ್ತ ಕನ್ನಡದವರ ರಾಜ್ಯ ಹುಟ್ಟಿದ ದಿನ. ಕೇರಳ, ಆಂಧ್ರ, ಮಧ್ಯಪ್ರದೇಶ ಎಲ್ಲಾ ಹುಟ್ಟಿದ್ದೂ ಇವತ್ತ. ಕರ್ನಾಟಕ ಅಂತ ಹೆಸರ ಬಿದ್ದದ್ದೂ ಇವತ್ತ. ಮತ್ತ ನಮ್ಮ ಬುವ್ವಿ ಹುಟ್ಟಿದ್ದೂ ಇವತ್ತ. ಇವರೆಲ್ಲಾ ಆಕಿ ವಾರಿಗಿಯವ್ರು." ಹುಡುಗರು ನನ್ನ ಕಡೆ ತಿರುಗಿ ನೋಡುತ್ತಿದ್ದರು. ಅಷ್ಟೆಲ್ಲ ರಾಜ್ಯಗಳು ನನ್ನ ಓರಗೆಯ ಗೆಳತಿಯರು ಎಂದು ನಾನು ನಂಬಿದ್ದೆ. ಒಂದು ವರ್ಷ ಅವನು ನನ್ನನ್ನು ಬಸ್ಸಿನಲ್ಲಿ ಭಾಲ್ಕಿಗೆ ಕರೆದೊಯ್ದ. ಮಾಂಜರಾ ಹೊಳೆ ದಾಟುವಾಗ ಕಿಟಕಿಯಿಂದ ಕೈ ಹೊರಗೆ ಹಾಕಿಸಿ, "ನೋಡು, ಇಲ್ಲಿಂದ ಗಾಳಿನೂ ಕನ್ನಡ" ಎಂದ. ಅಲ್ಲಿ ಹಳದಿ ಕೆಂಪು ಬಾವುಟಗಳ ಮೆರವಣಿಗೆ, ಲೇಜಿಮು, ತಾಯಿ ಭುವನೇಶ್ವರಿಯ ವೇಷ ಹಾಕಿದ ಹುಡುಗಿ. ಇದೆಲ್ಲ ನನ್ನ ಹುಟ್ಟುಹಬ್ಬಕ್ಕೇ ಎಂದುಕೊಂಡು ನಾನು ದಾರಿಯುದ್ದಕ್ಕೂ ನಾಚಿಕೊಂಡಿದ್ದೆ.

ಮುತ್ಯಾನಿಗೆ ಮಾತ್ರ ಆ ದಿನ ಬೇರೆ. ನಿಜಾಮನ ಕಾಲದಿಂದ ನಮ್ಮೂರ ತಾಲೂಕು ನಿಲಂಗಾ, ಉದಗೀರ ಎರಡೂ ಬೀದರ ಜಿಲ್ಲೆಯಲ್ಲಿದ್ದವು. ಮುತ್ಯಾನ ಕಚೇರಿ ಕೆಲಸ, ಬೀಗರು, ಬಿತ್ತುವ ಬೀಜ, ಎಲ್ಲ ಬೀದರದ ಕಡೆಗೇ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲು ರಾಜ್ಯಗಳನ್ನು ಹಂಚಿದ ಆ ನವೆಂಬರ್ ಒಂದರಂದು ಬೀದರ ಅತ್ತ ಹೋಯಿತು, ನಾವು ಇತ್ತ ಉಳಿದೆವು. ಕಾಕಾ ಹುಗ್ಗಿ ಮಾಡಿಸುತ್ತಿದ್ದ ದಿನ ಮುತ್ಯಾ ಹೊರಸಿನ ಮೇಲೆ ಕೂತು, "ಕೂಡಿಸಿದರಂತ ನೀ ಕುಣೀತಿ. ನಮ್ಮನ್ನ ಕೊಯ್ದದ್ದೂ ಇವತ್ತೇ ಅಲ್ಲೇನೋ" ಎನ್ನುತ್ತಿದ್ದ. ಕಾಕಾ ನಗುತ್ತಿದ್ದ. "ಅದಕ್ಕೇ ಅಪ್ಪಾ, ಶಾಲಿ ಉಳಸೂದು. ಅಕ್ಷರ ಇದ್ದರ ಒಂದಿನ ಕೂಡ್ತೀವಿ." ಅವನು ನಗುವಾಗ ಸಣ್ಣ ಹುಡುಗನಂತೆ ಕಾಣುತ್ತಿದ್ದ. ಮನೆಯಲ್ಲಿ ನನಗೆ ಅವನಷ್ಟು ಬೇಕಾದವರು ಇನ್ನೊಬ್ಬರಿರಲಿಲ್ಲ.

ಪ್ರತಿ ಜೂನಿನಲ್ಲಿ ಅವನು ಮನೆಮನೆಗೆ ಹೋಗಿ ಶಾಲೆಗೆ ಮಕ್ಕಳನ್ನು ಕೇಳುತ್ತಿದ್ದ. ಮರಾಠಿ ಶಾಲೆಯವರೂ ಕೇಳುತ್ತಿದ್ದರು. ಜೊತೆಗೆ ನಾನೂ ಹೋಗುತ್ತಿದ್ದೆ; ಕನ್ನಡ ಓದಿ ತೋರಿಸುವುದು ನನ್ನ ಕೆಲಸ. ಒಮ್ಮೆ ಊರ ಹೊರಗೆ ಕುರಿ ಹಟ್ಟಿಯಿದ್ದ ಮಾಳಪ್ಪನ ಮನೆಗೆ ಹೋದೆವು. ಅವನಿಗೆ ಒಬ್ಬಳೇ ಮಗಳು, ಬೀರವ್ವ. ಮೂಗಿನ ತುದಿಯಲ್ಲಿ ಬೆವರು ನಿಲ್ಲುತ್ತಿದ್ದ, ಕಣ್ಣು ಮಿಟುಕಿಸದೆ ನೋಡುತ್ತಿದ್ದ ಪುಟ್ಟ ಹುಡುಗಿ. ಮಾಳಪ್ಪ ಕಂಬಳಿ ಹಾಸಿ ಕೂಡಿಸಿ ಕೇಳಿದ.

"ಮಾಸ್ತರ್ರ, ಕನ್ನಡ ಕಲ್ತು ನಮ್ಮ ಹುಡುಗಿ ಎಲ್ಲಿಗಿ ಹೋಗ್ಬೇಕ್ರಿ? ಕಚೇರ್ಯಾಗ ಮರಾಠಿ, ದವಾಖಾನ್ಯಾಗ ಮರಾಠಿ. ನಿಮ್ಮ ಮಗ ಯಾವ ಶಾಲಿಗಿ ಹೋಗ್ತಾನ, ಅದ ಹೇಳ್ರಿ."

ಕಾಕಾನ ಮಗ ರಾಜು ಆ ವರ್ಷವೇ ಶಾಲೆಗೆ ಸೇರಬೇಕಿತ್ತು. "ನನ್ನ ಮಗ ನಿನ್ನ ಮಗಳ ಮಗ್ಗಲದಾಗೇ ಕೂಡ್ತಾನ, ಮಾಳಪ್ಪಾ" ಎಂದ ಕಾಕಾ.

"ಹಂಗಿದ್ರ ಬೀರಪ್ಪನ ಭಂಡಾರ ಮುಟ್ರಿ."

ದೇವರ ಗೂಡಿನಲ್ಲಿ ಅರಿಸಿನದ ಭಂಡಾರ ತುಂಬಿದ ಬಟ್ಟಲಿತ್ತು. ಕಾಕಾ ಎದ್ದು ಹೋಗಿ ಅದರಲ್ಲಿ ಬೆರಳದ್ದಿದ. ಹಣೆಗೆ ಹಚ್ಚಿಕೊಂಡು, ಬೀರವ್ವನ ಹಣೆಗೂ ಹಚ್ಚಿದ. ದಾರಿಯುದ್ದಕ್ಕೂ ಅವನ ಹಣೆ ಹಳದಿಯಾಗಿ ಹೊಳೆಯುತ್ತಿದ್ದುದನ್ನು ನಾನು ಹೆಮ್ಮೆಯಿಂದ ನೋಡುತ್ತ ಬಂದೆ.

ಬೀರವ್ವ ಶಾಲೆಗೆ ಬಂದಳು. ರಾಜು ಬರಲಿಲ್ಲ. ಅವನಿಗೆ ಜ್ವರ ಬಂದಿತ್ತು, ಹವೆ ಬದಲಾಗಲಿ ಎಂದು ನಿಲಂಗಾಕ್ಕೆ ತಾಯಿಯ ತವರಿಗೆ ಕಳಿಸಿದರು. ಜ್ವರ ಹೋದರೂ ಅವನು ಬರಲಿಲ್ಲ. "ಅಲ್ಲಿ ಮುದುಕಿ ಒಬ್ಬಾಕಿನೇ ಇದ್ದಾಳ. ಅಲ್ಲೂ ಕನ್ನಡ ಶಾಲಿ ಅದ, ಅಲ್ಲೇ ಹಾಕೀನಿ" ಎಂದು ಕಾಕಾ ಮನೆಯವರಿಗೂ ಊರವರಿಗೂ ಹೇಳಿದ. ಯಾರೂ ಅನುಮಾನ ಪಡಲಿಲ್ಲ. ರಜೆಗೆ ಬಂದಾಗ ರಾಜು ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದ, ನಡುನಡುವೆ ಮರಾಠಿ. ನಮ್ಮಲ್ಲಿ ಯಾರ ಮಾತು ತಾನೇ ಹಾಗಿರಲಿಲ್ಲ?

ನಾನು ಏಳನೆಯ ಇಯತ್ತೆಯಲ್ಲಿದ್ದ ವರ್ಷ ನನ್ನ ಹುಟ್ಟುಹಬ್ಬ ದೀಪಾವಳಿಯ ರಜೆಯೊಳಗೇ ಬಂತು. ಶಾಲೆ ಇರಲಿಲ್ಲವೆಂದು ಕಾಕಾ ಕರಿಹಲಗೆಯನ್ನು ನಮ್ಮ ಅಂಗಳಕ್ಕೇ ತರಿಸಿದ. ಬಣ್ಣಬಣ್ಣದ ಸೀಮೆಸುಣ್ಣದಲ್ಲಿ ದುಂಡಗೆ ಆ ದಿನದ ಸಂಗತಿಗಳನ್ನೆಲ್ಲ ಬರೆದು, ಕೊನೆಯಲ್ಲಿ ನನ್ನ ಹೆಸರು ಬರೆದ. ಮಕ್ಕಳೂ ಅವರ ತಾಯಿತಂದೆಗಳೂ ಬಂದು ಕೂತರು. ಮಾಳಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ಒಳಗೆ ಹುಗ್ಗಿ ಕುದಿಯುತ್ತಿತ್ತು, ತುಪ್ಪದ ವಾಸನೆಗೆ ಹುಡುಗರೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದರು. ಓದಲಿಕ್ಕೆಂದು ನಾನು ಏಳುವಷ್ಟರಲ್ಲಿ ಮುತ್ಯಾ ಹೊರಸಿನಿಂದ, "ಬುವ್ವಿ ಪ್ರತಿ ವರ್ಷ ಓದ್ತಾಳ. ಇವತ್ತ ರಾಜು ಓದಲಿ. ಮೊಮ್ಮಗನ ಬಾಯಿಂದ ಕೇಳತೀನಿ" ಎಂದ.

ಕಾಕಾ ಅವಸರದಿಂದ, "ಬ್ಯಾಡ ಅಪ್ಪಾ, ಆಕಿ ಹುಟ್ಟಿದಬ್ಬ, ಆಕಿನೇ ಓದಲಿ" ಎಂದ.

"ಓದಲಿ ಬಿಡೋ. ಅಂಜತಾನೇನು?"

ರಾಜು ಎದ್ದು ಹಲಗೆಯ ಮುಂದೆ ನಿಂತ. ಹೊಸ ಅಂಗಿ ತೊಟ್ಟಿದ್ದ. ಹಲಗೆಯನ್ನು ಮೇಲಿಂದ ಕೆಳಗೆ ನೋಡಿದ, ತಿರುಗಿ ಅಪ್ಪನನ್ನು ನೋಡಿದ. ಅವನಿಗೆ ನಾಚಿಕೆಯೆಂದು ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ಬೀರವ್ವ ಅವನಿಗೆ ಸಹಾಯ ಮಾಡಲೆಂದು ಮೆಲ್ಲಗೆ, "ನ... ವೆಂ... ಬ..." ಎಂದು ಅಕ್ಷರ ಕೂಡಿಸಿ ಹೇಳಿಕೊಟ್ಟಳು. ರಾಜು ಒಂದು ಅಕ್ಷರವನ್ನೂ ಹಿಡಿಯಲಿಲ್ಲ. "ಬಾಬಾ, ಮಲಾ ಹೇ ವಾಚತಾ ಯೇತ ನಾಹಿ" ಎಂದ. ಅಪ್ಪಾ, ನನಗೆ ಇದನ್ನು ಓದಲು ಬರುವುದಿಲ್ಲ.

ಮಾಳಪ್ಪ ಕಂಬದಿಂದ ಬೆನ್ನು ತೆಗೆದು ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

"ಭಂಡಾರ ಮುಟ್ಟಿದ್ರೆಲ್ರಿ, ಮಾಸ್ತರ್ರ."

ಮಾಳಪ್ಪ ಮಗಳ ಕೈ ಹಿಡಿದು, "ನಡಿಯವ್ವಾ" ಎಂದ. ಅವಳು ಹುಗ್ಗಿಯ ಕಡೆ ತಿರುಗಿ ತಿರುಗಿ ನೋಡುತ್ತ ಹೋದಳು. ಅವರ ಹಿಂದೆ ಇನ್ನೂ ಕೆಲವರು ಎದ್ದರು.

ಅಂಗಳ ಬರಿದಾದ ಮೇಲೆ ಕಾಕು ಬಾಗಿಲಲ್ಲಿ ನಿಂತು, ಅಂದು ಮರಾಠಿಗೆ ಹೋಗದೆ ಕನ್ನಡದಲ್ಲೇ ಹೇಳಿದಳು. "ಅವ್ರಿಗಿ ಬೈಬ್ಯಾಡ್ರಿ ಮಾವಾ. ಮರಾಠಿ ಶಾಲಿಗೇ ಹಾಕ್ರಿ ಅಂತ ಹಟಾ ಹಿಡದಾಕಿ ನಾ. ಏಳನೇ ಇಯತ್ತೆ ಆದ ಮ್ಯಾಲ ಕನ್ನಡದ ಹುಡುಗ್ರು ಎಲ್ಲಿಗಿ ಹೋಗ್ತಾವ್ರಿ? ನನ್ನ ಮಗ ಕುರಿ ಕಾಯ್ಲೇನ್ರಿ?" ಮುತ್ಯಾ ಅವಳ ಕಡೆ ನೋಡಲೇ ಇಲ್ಲ. ಮಗನನ್ನೇ ನೋಡುತ್ತ, "ಸರಕಾರ ನಮ್ಮನ್ನ ಕೊಯ್ದಿತ್ತು. ಖರೆ. ಆದ್ರ ಅದು ಹೇಳಿ ಕೊಯ್ದಿತ್ತು ಗುರ್‍ಯಾ. ನೀ ಹೇಳದೇ ಕೊಯ್ದಿ" ಎಂದ. ಅವನು ಸಾಯುವವರೆಗೆ ಕಾಕಾನೊಡನೆ ಆಡಿದ ಕೊನೆಯ ದೊಡ್ಡ ಮಾತು ಅದೇ. ಆಮೇಲೆಲ್ಲ ಎತ್ತು, ನೀರು, ಊಟ, ಇಷ್ಟೇ. ರಾಜು ದನದ ಕೊಟ್ಟಿಗೆಯ ಹಿಂದೆ ಕೂತು ಅಳುತ್ತಿದ್ದ. ಅವನ ತಪ್ಪೇನಿತ್ತು? ನಾನು ಹೋಗಿ ಪಕ್ಕದಲ್ಲಿ ಕೂತೆ.

ಕೆಲವು ದಿನ ಬಿಟ್ಟು ಕಾಕಾ ಹೊಲಕ್ಕೆ ಹೊರಟಾಗ ನಾನು ಹಿಂದೆಯೇ ಹೋದೆ. ತೊಗರಿ ಸಾಲಿನ ನಡುವೆ ಅವನು ಮುಂದೆ, ನಾನು ಹಿಂದೆ. ಕೇಳಿಯೇಬಿಟ್ಟೆ.

"ಕಾಕಾ, ಮರಾಠಿ ಶಾಲಿನೇ ಚಲೋ ಅಂತ ನಿನಗ ಗೊತ್ತಿತ್ತಲ್ಲಾ. ನನ್ನ ಯಾಕ ಅಲ್ಲಿ ಹಾಕಲಿಲ್ಲ?"

ಅವನು ನಿಂತ. ಒಂದು ತೊಗರಿ ಹೂವನ್ನು ಕಿತ್ತು ಬೆರಳಲ್ಲಿ ಹೊಸೆದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನೀ ಹೋಗಿದ್ರ ಹಾಜರಿ ಪಟಾ ಕಡಿಮಿ ಬೀಳ್ತಿತ್ತವ್ವಾ. ಹುಡುಗ್ರು ಕಡಿಮಿ ಆದ್ರ ಶಾಲಿ ಮುಚ್ಚತಾರ. ಮಾಸ್ತರನ ಮನಿ ಹುಡುಗಿನೇ ಬರದಿದ್ರ ಊರಾಗಿನವ್ರು ಯಾರು ಕಳಸ್ತಾರ?"

ರಾಜ್ಯಗಳೆಲ್ಲ ನನ್ನ ಓರಗೆಯವರು ಎಂದು ಹೇಳಿದವನು ನನ್ನನ್ನು ಹಾಜರಿಯ ಒಂದು ತಲೆಯಾಗಿ ಎಣಿಸಿದ್ದ. ಮಗನಿಗೆ ಯಾವುದು ಸಾಲದು ಎಂದು ಅವನಿಗೆ ಗೊತ್ತಿತ್ತೋ ಅದನ್ನೇ ನನಗೆ ಹಬ್ಬವೆಂದು ಬಡಿಸಿದ್ದ. ನಾನು ಅಲ್ಲಿಂದ ಓಡಿ ಬಂದೆ. ಅವನು ಹಿಂದಿನಿಂದ ಕೂಗಲೂ ಇಲ್ಲ.

ಬೀರವ್ವ ಮತ್ತೆ ಶಾಲೆಗೆ ಬರಲಿಲ್ಲ. ಮರಾಠಿ ಶಾಲೆಗೂ ಹೋಗಲಿಲ್ಲ. ಆ ಚಳಿಗಾಲ ಕುರಿಗಳ ಹಿಂದೆ ತೇರಣಾ ಹೊಳೆಯ ದಂಡೆಯ ಕಡೆ ನಡೆದುಹೋಗುವುದನ್ನು ನಾನು ನೋಡಿದೆ. ಶಾಲೆಯವರ ಮೇಲೆ ಮಾಳಪ್ಪನಿಗಿದ್ದ ನಂಬಿಕೆಯೇ ಹೋಗಿತ್ತು. ನಾನು ಎಂಟನೆಯದಕ್ಕೆ ಔರಾದಿನಲ್ಲಿ ಮರಾಠಿ ಹೈಸ್ಕೂಲು ಸೇರಿದೆ. ಇತಿಹಾಸವೂ ಗಣಿತವೂ ಗೊತ್ತಿದ್ದು, ಗೊತ್ತಿರುವುದನ್ನು ಬರೆಯಲು ಬಾರದೆ ಕೊನೆಯ ಬೆಂಚಿನಲ್ಲಿ ಕೂತೆ. ಒಂದು ವರ್ಷ ಹಾಗೆ ಕೂತು ಶಾಲೆ ಬಿಟ್ಟೆ. ಆಮೇಲೆ ಉದಗೀರಕ್ಕೆ ಮದುವೆಯಾಗಿ ಬಂದೆ. ಮರಾಠಿಯನ್ನು ನೆರೆಯವರಿಂದ, ಕಿರಾಣಿ ಅಂಗಡಿಯಿಂದ ಕಲಿತೆ. ರಾಜು ಚೆನ್ನಾಗಿ ಓದಿ ಲಾತೂರಿನಲ್ಲಿ ಇಂಜಿನಿಯರನಾದ. ಕಾಕಾ ನಿವೃತ್ತನಾದ ಮೇಲೆ ಶಾಲೆ ಹೇಗೂ ಮುಚ್ಚಿತು. ಮುತ್ಯಾ, ಆಯಿ, ನನ್ನ ಅಪ್ಪ ಅವ್ವ, ಕಾಕು, ಒಬ್ಬೊಬ್ಬರೇ ಹೋದರು. ಮನೆ ಪಾಲಾಗಿ, ಕಲ್ಲು ತೊಲೆಗಳನ್ನು ಮಾರಿ, ಈಗ ಅಲ್ಲಿ ಯಾರದೋ ಸೋಯಾಬೀನಿನ ಗೋದಾಮಿದೆ. ಈ ಬರಹವನ್ನು ನಾನು ಬರೆಯುತ್ತಿರುವ ಅಕ್ಷರಗಳು ಮಾತ್ರ ಕಾಕಾ ಕಲಿಸಿದವು. ಅವನನ್ನು ಬೈಯಲಿಕ್ಕೂ ನನ್ನ ಹತ್ತಿರ ಇರುವುದು ಅವೇ.

ಎರಡು ವರ್ಷದ ಹಿಂದೆ ಲಾತೂರಿನಿಂದ ರಾಜುವಿನ ಹೆಂಡತಿ ಫೋನು ಮಾಡಿದಳು. ಕಾಕಾನಿಗೆ ಲಕ್ವ ಹೊಡೆದಿತ್ತು. ಮಾತು ತಿರುಗಿ ಬಂದಿತ್ತು, ಆದರೆ ಮರಾಠಿ ಪೂರ್ತಿ ಅಳಿಸಿಹೋಗಿ ಕನ್ನಡವೊಂದೇ ಉಳಿದಿತ್ತು. ರಾಜು ಕೆಲಸದ ಮೇಲೆ ಹೊರಗಿದ್ದ. "ವನ್ಸಂ, ಬಾಬಾ ಕಾಯ ಮ್ಹಣತಾತ ತೇ ಕಳತ ನಾಹಿ" ಎಂದು ಆ ಹುಡುಗಿ ಅಳುತ್ತಿದ್ದಳು. ಅಕ್ಕಾ, ಮಾವ ಏನು ಹೇಳುತ್ತಾರೆಂದು ತಿಳಿಯುತ್ತಿಲ್ಲ. ನಾನು ಸಿಕ್ಕ ಬಸ್ಸು ಹಿಡಿದು ಹೋದೆ.

ಕಾಕಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮೊಮ್ಮಕ್ಕಳು ಬಾಗಿಲಲ್ಲಿ ಹೆದರಿ ನಿಂತಿದ್ದವು. "ಕಾಲ ಸೆಳೀತಾವ... ಕಾಲ ಸೆಳೀತಾವ..." ಎಂದು ಒಂದೇ ಸಮ ಹೇಳುತ್ತಿದ್ದ, ಅವರು ಹಸಿವೆಂದು ತಿಳಿದು ಬಾಯಿಗೆ ಗಂಜಿ ಹಿಡಿಯುತ್ತಿದ್ದರು. ಕಾಲು ಸೆಳೆಯುತ್ತವಂತೆ ಎಂದು ಮರಾಠಿಯಲ್ಲಿ ಹೇಳಿದೆ. ಆ ಹುಡುಗಿ ಒಳ್ಳೆಯವಳು, ತಕ್ಷಣ ಎಣ್ಣೆ ಬಿಸಿಮಾಡಿ ತಂದು ತಿಕ್ಕತೊಡಗಿದಳು. ಕಾಕಾ ನನ್ನ ದನಿ ಕೇಳಿ ತಿರುಗಿದ. ನನ್ನ ಮುಖವನ್ನೇ ನೋಡುತ್ತ ಕೇಳಿದ.

"ಇನ್ನಾ ಸಿಟ್ಟ ಅದ ಏನವ್ವಾ?"

ಸಾಯುವವನ ಮುಂದೆ ಇಲ್ಲ ಎನ್ನಬೇಕಿತ್ತೇನೋ. "ಅದ ಕಾಕಾ" ಎಂದೆ.

ಅವನು ತಲೆಯಾಡಿಸಿದ. "ಇರಲಿ" ಎಂದ. ಕಣ್ಣಿಂದ ನೀರು ಇಳಿದು ದಿಂಬಿಗೆ ಹೋಯಿತು.

"ಏನಂದರು?" ಎಂದು ಆ ಹುಡುಗಿ ಮರಾಠಿಯಲ್ಲಿ ಕೇಳಿದಳು. ಕಾಲು ಸೆಳೆಯುವುದಕ್ಕೆ ನನ್ನ ಹತ್ತಿರ ಮರಾಠಿ ಇತ್ತು. ಇದಕ್ಕೆ ಇರಲಿಲ್ಲ. ಏನಿಲ್ಲ ಎಂದೆ.

ಎಳ್ಳಮಾವಾಸ್ಯೆಗೆ ಮುಂಚೆ ಅವನು ಹೋದ. ಜನ ಹೇಳುತ್ತಾರೆ, ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು. ಬಿಡೋಣವೆಂದು ನಾನೂ ನೋಡಿದೆ; ಅದು ಹೋಗುವುದಿಲ್ಲ. ಅದು ನನ್ನಲ್ಲಿ ಕನ್ನಡದಲ್ಲಿದೆ, ನಮ್ಮ ಅಂಗಳದ ಕನ್ನಡದಲ್ಲಿ. ಈ ಮನೆಯಲ್ಲಿ ಆ ಮಾತು ತಿಳಿಯುವವರು ಯಾರೂ ಇಲ್ಲ. ಅದನ್ನು ಕೇಳಿ, ಇರಲಿ ಎಂದು ತಲೆಯಾಡಿಸಬಲ್ಲವನು ಅವನೊಬ್ಬನೇ ಇದ್ದ.