ಬೊಂಬೆಯ ಎಂಜಲು

ಕಳೆದ ಭಾನುವಾರ ಒಂದು ರಬ್ಬರ್ ಬೊಂಬೆ ನನ್ನ ನೆಮ್ಮದಿ ಕೆಡಿಸಿತು. ನಗಬೇಡಿ, ಪೂರ್ತಿ ಕೇಳಿ.

ಆರ್.ಟಿ. ನಗರದ ನಮ್ಮ ಮನೆ ಹತ್ತಿರದ ಈಜುಕೊಳದಲ್ಲಿ ಮಗಳು ಸುಮಾ ಈಜು ಕಲಿಯುತ್ತಿದ್ದಾಳೆ. ಅವಳು ನೀರಲ್ಲಿರುವಷ್ಟು ಹೊತ್ತೂ ನಾನು ಕೂರುವುದಿಲ್ಲ, ನಿಲ್ಲುವುದೂ ಇಲ್ಲ. ದಡದ ಮೇಲೆ ಅತ್ತಿಂದಿತ್ತ ಓಡಾಟ. (ನಮ್ಮ ಯಜಮಾನರು ನನ್ನನ್ನು ಇನ್‌ಸ್ಪೆಕ್ಟರ್ ಅನ್ನುತ್ತಾರೆ.) ಅಲ್ಲಿನ ಲೈಫ್‌ಗಾರ್ಡ್‌ಗಳಿಗೆ ಸಿಪಿಆರ್ ತರಬೇತಿ, ಆಮೇಲೆ ಸರ್ಟಿಫಿಕೇಟ್ ಅಂತ ಬೋರ್ಡು ಹಾಕಿದ್ದೇ ತಡ, ನೋಡಲು ಹೋದೆ.

ಉಸಿರು ನಿಂತವರ ಎದೆ ಒತ್ತಬೇಕು, ಬಾಯಿಗೆ ಬಾಯಿಟ್ಟು ಗಾಳಿ ಊದಬೇಕು. ಕಲಿಸಲು ಬಂದಿದ್ದ ಡಾಕ್ಟರು ಇದನ್ನು ಆ ರಬ್ಬರ್ ಬೊಂಬೆಯ ಮೇಲೆ ಮಾಡಿ ತೋರಿಸಿದರು. ಅದರ ಬಾಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, "ಈಗ ನೀವು ಮಾಡಿ" ಅಂದರು.

ಎದೆ ಒತ್ತುವುದರಲ್ಲಿ ಎಲ್ಲರೂ ಗಟ್ಟಿಗರೇ. ಊದುವ ಸರದಿ ಬಂತು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಪಿರಿಟ್ಟಿಗೆ ಕ್ರಿಮಿ ಸಾಯಬಹುದು, ಎಂಜಲು ಹೋಗುತ್ತದೆಯೇ? ಚೊಂಬು ಮೇಲೆತ್ತಿ ನೀರು ಕುಡಿದು ಬೆಳೆದ ಜನ ನಾವು, ಇನ್ನೊಬ್ಬರು ಬಾಯಿಟ್ಟಲ್ಲಿ ಬಾಯಿಡುವುದುಂಟೆ? ಒಬ್ಬೊಬ್ಬರೂ ಬಗ್ಗಿ, ಗೇಣು ದೂರದಿಂದ ಸೌದೆ ಒಲೆ ಊದಿದಂತೆ ಊದಿದರು. ಬೊಂಬೆಯ ಎದೆ ಮೇಲೇಳಲೇ ಇಲ್ಲ. ಡಾಕ್ಟರು ಬೈದರು, ಗೋಗರೆದರು, ಕೊನೆಗೆ ವಾಚು ನೋಡಿಕೊಂಡರು. (ಸಂಜೆ ಟೀವಿಯಲ್ಲಿ ಸಿನಿಮಾ ಬೇರೆ ಇತ್ತಲ್ಲ.) ಎಲ್ಲರಿಗೂ ಸರ್ಟಿಫಿಕೇಟ್ ಸಿಕ್ಕಿತು.

ನನಗೆ ಮೈಯೆಲ್ಲ ಉರಿಯಿತು. ಸುಮಾಳ ಬ್ಯಾಚ್ ನೋಡಿಕೊಳ್ಳುವ ಲೈಫ್‌ಗಾರ್ಡ್ ನಂಜಪ್ಪ, ರಾಜಾನುಕುಂಟೆಯವನು, ಸರ್ಟಿಫಿಕೇಟ್ ಹಿಡಿದು ಹೊರಟಿದ್ದ. ತಡೆದು ನಿಲ್ಲಿಸಿದೆ.

"ಏನಪ್ಪಾ ನಂಜಪ್ಪ, ನಾಳೆ ಯಾರಾದ್ರೂ ಮುಳುಗಿದ್ರೂ ಹಿಂಗೇ ದೂರದಿಂದ ಊದೋದಾ?"

"ಎಲ್ರೂ ಬಾಯಿಟ್ಟಿರೋ ಬೊಂಬೆ ಕಣಮ್ಮ. ಒಂಥರಾ ಆಯ್ತದೆ."

"ಯಾರ್ ಇಟ್ರು ಬಾಯಿ? ನಾನೂ ನೋಡ್ತಿದ್ದೆ."

ಅವನು ನಕ್ಕ. ನನಗೆ ನಗು ಬರಲಿಲ್ಲ. "ನನ್ ಮಗಳಿಗೇ ಉಸಿರು ನಿಂತ್ರೆ?" ಅಂದೆ.

"ಬಿಡ್ತು ಅನ್ನಿ ಅಮ್ಮ," ಅಂದ, ಗಾಬರಿಯಾಗಿ. "ಸುಮಾ ಪಾಪುಗೆ ಊದಾಕೆ ನಂಗ್ಯಾಕೆ ಅಸಯ್ಯ? ನೀವು ನಮ್ಗೆ ಗೊತ್ತಿರೋರಲ್ವಾ?"

ಬಿಡ್ತು ಅಂದೆ. ಜೀವ ಬಂದಂತಾಯಿತು.

ಆ ನೆಮ್ಮದಿ ಗೇಟಿನವರೆಗೂ ಉಳಿಯಲಿಲ್ಲ. ತಿರುಗಿ ನೋಡಿದರೆ ಮುಂದಿನ ಬ್ಯಾಚಿನ ಮಕ್ಕಳು ಕೇಕೆ ಹಾಕುತ್ತಾ ನೀರಿಗೆ ಧುಮುಕುತ್ತಿದ್ದರು. ಒಬ್ಬರ ಪರಿಚಯವೂ ನನಗಿಲ್ಲ.

ನಂಜಪ್ಪನಿಗಾದರೂ ಇದೆಯೇ?