ಸಂಡೂರಿನ ಕೆಂಪು ಪತಂಗ

ನಮ್ಮ ಯಜಮಾನರು ಜಂಬುನಾಥ್ ಅವರು ಮೂವತ್ತನಾಲ್ಕು ವರ್ಷ ತುಂಗಭದ್ರಾ ಡ್ಯಾಂನ ಕಾಲುವೆ ಆಫೀಸಿನಲ್ಲಿ ಟೈಪ್ ಮಾಡಿದರು. ಅಷ್ಟು ವರ್ಷದಲ್ಲಿ ಅಡುಗೆಮನೆಯ ನಲ್ಲಿ ಸೋರುವುದು ಅವರ ಕಣ್ಣಿಗೆ ಬೀಳಲಿಲ್ಲ. ರಿಟೈರಾದ ಮರುವಾರವೇ ದೀಪದ ಹುಳ ಕಣ್ಣಿಗೆ ಬಿತ್ತು. ಹುಳ ಅಂದರೆ ಅವರಿಗೆ ಸಿಟ್ಟು ಬೇರೆ, ಪತಂಗ ಅನ್ನಬೇಕು.

ಅದೂ ಎಂಥ ಪತಂಗ! ಅಕ್ಕಿಕಾಳಿನಷ್ಟು ಮೈ, ಬೂದಿ ಬಣ್ಣ, ಎರಡು ರೆಕ್ಕೆಗೂ ಒಂದೊಂದು ಕರಿ ಚುಕ್ಕೆ. ನಾನು ದಿನಾ ಬೆಳಿಗ್ಗೆ ಪೊರಕೆಯಲ್ಲಿ ಗುಡಿಸಿ ಹಾಕುವ ಸರಕು. ಅದನ್ನು ಹುಡುಕಿಕೊಂಡು ಈ ಮನುಷ್ಯ ಖಾಲಿ ಬೆಂಕಿಪೊಟ್ಟಣ ಜೇಬಿಗಿಟ್ಟು ಬಸ್ ಹತ್ತುವುದು! ಕಂಪ್ಲಿಯಲ್ಲಿ ಭತ್ತದ ಗದ್ದೆಯ ಬದುವಿನಲ್ಲಿ ಸಿಕ್ಕಿತು, ಹಂಪಿಯಲ್ಲಿ ಒಣಗಿದ ಬಾಳೆ ಎಲೆಯ ಅಡಿ, ಹೊಸಪೇಟೆಯಲ್ಲಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ. ಎಲ್ಲವನ್ನೂ ಹಳೇ ರಿಜಿಸ್ಟರಿನಲ್ಲಿ ಬರೆದದ್ದೇ ಬರೆದದ್ದು. ಯಾರೂ ಕಂಡಿರದ ಪತಂಗವೊಂದು ಸಿಕ್ಕರೆ ಅದಕ್ಕೆ ಇವರ ಹೆಸರಿಡುತ್ತಾರಂತೆ. ಮನೆ ಬಾಗಿಲಿಗೇ ಹೆಸರಿನ ಹಲಗೆ ಹಾಕಿಸದವರ ಆಸೆ ನೋಡಿ.

ಹೋದ ಫೆಬ್ರವರಿಯಲ್ಲಿ ಸಂಡೂರಿನಿಂದ ಕುಣಿಯುತ್ತಾ ಬಂದರು. ಕಬ್ಬಿಣದ ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ, ಚಹದಂಗಡಿಯ ಗೋಡೆಯ ಮೇಲೆ ಹಿಡಿದದ್ದಂತೆ.

"ನೋಡು ಅನ್ನಪೂರ್ಣ, ನಿಮ್ಮೂರ ಪತಂಗ! ಮೈಯೆಲ್ಲಾ ಕೆಂಪಗೈತಿ. ಇಂಥಾದ್ದು ಎಲ್ಲೂ ಇಲ್ಲ."

ಅದು ಅದಿರಿನ ಧೂಳು ಅಂತ ನನಗೆ ನೋಡಿದ ಕೂಡಲೇ ತಿಳಿಯಿತು. ಆ ರಸ್ತೆಯ ಪಕ್ಕದಲ್ಲೇ ಹುಟ್ಟಿದವಳು ನಾನು. ತಂತಿಯ ಮೇಲೆ ಒಣಹಾಕಿದ ಬಿಳಿ ಪಂಚೆಯನ್ನು ಸಂಜೆ ಕೊಡವಿಯೇ ಮಡಚುತ್ತಿದ್ದೆವು. ಹೇಳಬಹುದಿತ್ತು. ಹೇಳಲಿಲ್ಲ. ನಾಲ್ಕು ಜನರ ಮುಂದೆ ಒಮ್ಮೆ ಮುಖಭಂಗವಾದರೆ ಈ ಹುಚ್ಚು ಬಿಡುತ್ತದೆ ಅಂದುಕೊಂಡೆ.

"ಭಾಳ ಚಂದ ಐತ್ರಿ," ಅಂದೆ.

ಕೃಷಿ ಕಾಲೇಜಿನಲ್ಲಿ ಹುಳಗಳ ಪಾಠ ಮಾಡುವ ಗಂಗೋತ್ರಿ ಮೇಡಂಗೆ ಫೋಟೋ ಹೋಯಿತು. ಅವರು ಬರುವ ದಿನ ಯಜಮಾನರು ಇಸ್ತ್ರಿ ಅಂಗಿ ತೊಟ್ಟು ಅಕ್ಕಪಕ್ಕದವರನ್ನು, ಹಳೇ ಆಫೀಸಿನವರನ್ನು ಕರೆದರು. ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ಸಣ್ಣ ಕುಂಚದಿಂದ ರೆಕ್ಕೆಯನ್ನು ಮೆಲ್ಲಗೆ ಸವರಿದರು. ಬಿಳಿ ಹಾಳೆಯ ಮೇಲೆ ಕೆಂಪು ಧೂಳು ಉದುರಿತು. ಕೆಳಗೆ ಅದೇ ಬೂದಿ, ಅದೇ ಕರಿ ಚುಕ್ಕೆ.

"ಅದಿರಿನ ಧೂಳು ಸರ್. ಪತಂಗ ಅದೇ ಮಾಮೂಲಿದು," ಅಂದರು ಮೇಡಂ. "ಆದ್ರ ಇದು ಸಂಡೂರಿನಾಗೂ ಐತಿ ಅಂತ ಯಾರೂ ಬರೆದಿರಲಿಲ್ಲ. ಹಿಡದವರು ಅಂತ ನಿಮ್ಮ ಹೆಸರು ಹಾಕ್ತೀನ್ರಿ."

ಅಷ್ಟರಲ್ಲಿ ಬಂದವರು ನಗಲು ಶುರು ಮಾಡಿದ್ದರು. ನಾನೂ ನಕ್ಕೆ. ಮೇಡಂ ಹೇಳಿದ್ದು ಇವರ ಕಿವಿಗೆ ಬಿತ್ತೋ ಇಲ್ಲವೋ, ನನ್ನನ್ನೇ ನೋಡುತ್ತಿದ್ದರು.

"ನೀ ಸಂಡೂರಾಕಿ. ನಿನಗ ಗೊತ್ತಿರಲಿಲ್ಲೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಸೆರಗು ಸರಿ ಮಾಡಿಕೊಂಡು ಅಡುಗೆಮನೆಗೆ ಹೋದೆ.

ಈಗ ಅವರು ಬಸ್ ಹತ್ತುವುದಿಲ್ಲ. ನನಗೆ ಬೇಕಾಗಿದ್ದೂ ಅದೇ. ದಿನವಿಡೀ ಕುರ್ಚಿಯಲ್ಲಿ ಕೂತಿರುತ್ತಾರೆ. ನಲ್ಲಿ ಈಗಲೂ ಸೋರುತ್ತದೆ. ಮೊನ್ನೆ ಬೆಳಿಗ್ಗೆ ಗೋಡೆಯ ಮೇಲೆ ಹಸಿರು ಬಣ್ಣದ್ದೊಂದು ಕೂತಿತ್ತು, ನಾನು ಎಂದೂ ಕಂಡಿರದ್ದು. ಪೊರಕೆ ಕೆಳಗಿಟ್ಟು ಕೂಗಿದೆ.

"ರೀ, ಜಲ್ದಿ ಬರ್ರಿ, ಪತಂಗ!"

ಅವರು ಕತ್ತು ಹೊರಳಿಸಲಿಲ್ಲ.

"ಹುಳ ಅದು," ಅಂದರು. "ಗುಡಿಸು."